ಕಫೀಲನ ಬಳಿಯ ಪಾಸ್‌ಪೋರ್ಟ್

ಶೈಲೇಶ್ ಮೀನಾ ಕುವೈತಿನ ಅಲ್ ಅಹ್ಮದಿಯಲ್ಲಿ ಪೈಪುಗಳ ತುಕ್ಕು ಪರೀಕ್ಷಿಸುವ ಎಂಜಿನಿಯರ್. ಅಮೆರಿಕದ ವಿಶ್ವವಿದ್ಯಾಲಯವೊಂದು ಅವರನ್ನು ಸಂದರ್ಶಕ ಸಂಶೋಧಕರಾಗಿ ಕರೆದು, ಕೋಣೆ, ಪ್ರಯೋಗಾಲಯದ ಮೇಜು ಎಲ್ಲ ಕಾದಿರಿಸಿತ್ತು. 1990ರ ಸೆಪ್ಟೆಂಬರ್ ಹತ್ತರೊಳಗೆ ಹಾಜರಾಗಬೇಕಿತ್ತು. ಪಾಸ್‌ಪೋರ್ಟ್ ಮಾತ್ರ, ಉಳಿದ ನೌಕರರದ್ದರಂತೆಯೇ, ಕೆಲಸಕ್ಕೆ ಕರೆಸಿಕೊಂಡ ಮಾಲೀಕನ, ಅಲ್ಲಿನವರ ಮಾತಿನಲ್ಲಿ ಕಫೀಲನ, ಬಳಿಯಿತ್ತು.

ಜುಲೈಯಲ್ಲಿ ಐದು ಸಲ ಕೇಳಿದರು.

"ತಿಜೋರಿಯಲ್ಲಿ ಭದ್ರವಾಗಿದೆ ಭಾಯಿ, ರಜೆ ಮುಗಿಸಿ ಬಂದು ಕೊಡುತ್ತೇನೆ," ಎಂದು ಕಫೀಲ್ ಲಂಡನ್ನಿಗೆ ಹೋದ.

ಆಗಸ್ಟಿನಲ್ಲಿ ಇರಾಕಿ ಸೇನೆ ನುಗ್ಗಿತು. ಪಾಸ್‌ಪೋರ್ಟಿನ ಬದಲಿಗೆ ರಾಯಭಾರ ಕಚೇರಿ ಕೊಟ್ಟ ಹಾಳೆಯೊಂದನ್ನು ಹಿಡಿದು ಶೈಲೇಶ್ ಊರು ಸೇರುವಷ್ಟರಲ್ಲಿ ಗಡುವು ಮುಗಿದು ಅಮೆರಿಕದ ಆ ಮೇಜು ಬೇರೊಬ್ಬರ ಪಾಲಾಗಿತ್ತು.

ಮರುವರ್ಷ ಹೊಸ ಪಾಸ್‌ಪೋರ್ಟಿನೊಂದಿಗೆ ಕುವೈತಿಗೆ ಮರಳಿದಾಗ, ಕಫೀಲ್ ಟೈಪಿಸ್ಟನ ಮೇಜಿನ ಡ್ರಾಯರ್ ಎಳೆದು ಹಳೆಯದನ್ನು ತೆಗೆದ. ಆ ಡ್ರಾಯರಿಗೆ ಬೀಗವೇ ಇರಲಿಲ್ಲ.

"ನೋಡು, ಭದ್ರವಾಗಿದೆ! ಹೊಸದನ್ನೂ ಕೊಡು, ಇಡುತ್ತೇನೆ."

"ಬೇಡ ಸಾರ್," ಎಂದರು ಶೈಲೇಶ್. "ನನ್ನ ಜೇಬಿಗೆ ಗುಂಡಿಯಾದರೂ ಇದೆ."