ಸಿನಿಮಾದ ಅರ್ಥ ಹೇಳುವ ಗೊಲ್ಲಾಳಪ್ಪ

ಅಕ್ಕಲಕೋಟೆಯ ತಂಬೂ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ಬಂದರೆ, ಮಷೀನಿನ ಮುಂದೆ ಸ್ಟೂಲು ಹಾಕಿಕೊಂಡು ಕನ್ನಡದಲ್ಲಿ ಅರ್ಥ ಹೇಳುವವನು ಗೊಲ್ಲಾಳಪ್ಪ. ಅವನಿಗೆ ಇಂಗ್ಲಿಷಿನ ಒಂದಕ್ಷರವೂ ಬರದು. ಈಗ ಓಡುತ್ತಿರುವುದು ಅಮೆರಿಕದ ಬಯಲಿನಲ್ಲಿ ರೈಲುದಾರಿ ಕಟ್ಟುವ ಕಥೆ; ಅದಕ್ಕೆ ಅವನು ಹಳಿ ತಪ್ಪಿದ ಅರ್ಥ ಹೇಳಿದರೂ ಹಳಿಯುವವರಿಲ್ಲ. ಕುದುರೆ ಏರಿದ ನಾಯಕ ಕಂದಲಗಾಂವದ ಅಳಿಯನಂತೆ, ಅವನಿಗೆ ಗುಂಡು ಹಾರಿಸುವವನು ಮಂದ್ರೂಪದ ಬೀಗನಂತೆ. ಬಾಣ ನೆಡಲಿ, ಗುಂಡು ತಾಗಲಿ, ಹಳಿ ಹಾಕುವ ಕೂಲಿಯನ್ನು ಮಾತ್ರ ಗೊಲ್ಲಾಳಪ್ಪ ಸಾಯಗೊಡುವುದಿಲ್ಲ. "ಸೂಟಿ ಮ್ಯಾಲ ಊರಿಗೆ ಹೊಂಟಾನ" ಎಂದುಬಿಡುತ್ತಾನೆ. "ಎಲ್ಲಾರೂ ಸೂಟಿ ಮ್ಯಾಲ ಹೋದ್ರ ಹಳಿ ಹಾಕಾವ್ರು ಯಾರೋ ಕಾಕಾ?" ಎಂದು ಕತ್ತಲಲ್ಲಿ ಯಾರಾದರೂ ಕೆಣಕಿದರೆ, "ನಿನ್ನ ಕರಿಸ್ಯಾರ, ನಾಳಿ ಹೋಗು" ಎನ್ನುತ್ತಾನೆ. ಸುರಂಗ ಕೊರೆಯುವ ದೃಶ್ಯ ಹತ್ತಿರವಾದಂತೆ ಅವನ ಮಾತು ತಡವರಿಸುತ್ತದೆ, ಕಣ್ಣು ಹೆಂಗಸರ ಚಾಪೆಯತ್ತ ಹೊರಳುತ್ತದೆ. ಅಲ್ಲಿ ಸೊಸೆ ಬೀರವ್ವ ಕೂತಿರುತ್ತಾಳೆ. ಅವಳ ಗಂಡ ಮಾಳಪ್ಪ ಘಾಟಿನಲ್ಲಿ ರೈಲಿನ ಸುರಂಗ ತೋಡುವ ಕೆಲಸಕ್ಕೆ ಹೋಗಿ ವರ್ಷವಾಯಿತು, ಸುದ್ದಿಯಿಲ್ಲ. ಗಂಡನ ಕೆಲಸ ಹೇಗಿರುತ್ತದೆಂದು ನೋಡಲು ಅವಳು ಪ್ರತಿ ಆಟಕ್ಕೂ ಬರುತ್ತಾಳೆ. "ಮಾವಾ, ಆ ಗವಿಯೊಳಗ ಹೋದಾವ್ರು ಹೊರಗ ಬರ್ತಾರಲ್ರಿ?" ಎಂದು ಕೇಳುತ್ತಾಳೆ. "ಬರ್ತಾರವ್ವಾ" ಎನ್ನುತ್ತ ಗೊಲ್ಲಾಳಪ್ಪ, ಸುರಂಗ ಕುಸಿಯುವ ಮೊದಲೇ ಎದ್ದು ಬೆಳಕಿಗೆ ಅಡ್ಡ ನಿಂತು, ತಲೆಯ ರುಮಾಲು ಬಿಚ್ಚಿ ನಿಧಾನವಾಗಿ ಮತ್ತೆ ಸುತ್ತತೊಡಗುತ್ತಾನೆ. ಪರದೆ ತುಂಬ ಅವನ ನೆರಳೇ. ಬೇರೆ ಯಾರು ಅಡ್ಡ ಬಂದರೂ ಏಳು ತಲೆಮಾರಿನವರೆಗೆ ಬೈಯುವ ಆ ಮಂದಿಯಲ್ಲಿ, ಆಗ "ಕುಂದರೋ" ಎನ್ನುವವನು ಒಬ್ಬನೂ ಇಲ್ಲ.