ಒಳ್ಳೆಯತನದ ಭಾಷಣಕ್ಕೆ ಹರಿದ ಅಂಗಿ

ಕಳೆದ ಭಾನುವಾರ ಮಧ್ಯಾಹ್ನ ನಾವಿರುವ ಕೊಲ್ಲಿನಾಡಿನ ಅಲ್ ಮುರಕ್ಕಬಾತ್‌ನ ಹೋಟೆಲೊಂದರ ಮಹಡಿಯಲ್ಲಿ, 'ಮನುಷ್ಯ ಹುಟ್ಟಿನಿಂದಲೇ ಕ್ರೂರಿಯೇ?' ಎಂದು ಬಹಳ ಸಭ್ಯವಾಗಿ ಚರ್ಚಿಸುತ್ತಿದ್ದ ಇಬ್ಬರು ಗೃಹಸ್ಥರು ಪರಸ್ಪರ ಅಂಗಿ ಹಿಡಿದುಕೊಂಡರು.

ತೀರ್ಪುಗಾರ್ತಿ ನಾನು. (ನಗಬೇಡಿ.)

ನಮ್ಮದೊಂದು ಸಣ್ಣ ಬಳಗ. ಕನ್ನಡದಲ್ಲಿ ಮಾತಾಡುವ ಆಸೆಗೆ ತಿಂಗಳಿಗೊಮ್ಮೆ ಸೇರುತ್ತೇವೆ. ಒಂದು ವಿಷಯ, ಇಬ್ಬರು ಭಾಷಣಕಾರರು, ಗೆದ್ದವರಿಗೆ ಪ್ಲಾಸ್ಟಿಕ್ ಕಪ್, ಆಮೇಲೆ ಎಲ್ಲರಿಗೂ ಊಟ. ಇರುವ ರೂಲ್ ಒಂದೇ: ಊರಿನ ಪಾಲಿಟಿಕ್ಸ್ 'ಮಾಫಿ', ಅಂದರೆ ಇಲ್ಲಿನ ಅರಬಿಯಲ್ಲಿ 'ಇಲ್ಲ'. ಅದರ ಸುದ್ದಿಯೇ ಬೇಡ. ಅದಕ್ಕೇ ಈ ಸಲ ಫಿಲಾಸಫಿ ಆರಿಸಿದ್ದೆವು. ಫಿಲಾಸಫಿಯಿಂದ ಯಾರಿಗೇನು ಅಪಾಯ, ಅಲ್ಲವೇ?

ಮೊದಲು ಎದ್ದವರು ಹನೀಫಣ್ಣ. ಉಳ್ಳಾಲದ ಬ್ಯಾರಿ, ಇಲ್ಲೇ ದೇರಾದಲ್ಲಿ ಸಿಸಿಟಿವಿ ಅಂಗಡಿ ಇಟ್ಟಿದ್ದಾರೆ.

"ಮನುಷ್ಯ ಅಂದ್ರೆ ಕಳ್ಳನೇ ಮಾರಾಯ್ರೆ. ಯಾರೂ ನೋಡುದಿಲ್ಲ ಅಂತ ಗೊತ್ತಾದ್ರೆ ಸಾಕು, ಬುದ್ಧಿ ತೋರಿಸ್ತಾನೆ. ಅದಕ್ಕೇ ರಾಜ ಬೇಕು, ಪೊಲೀಸ್ ಬೇಕು, ಮೂಲೆಗೊಂದು ಕ್ಯಾಮೆರಾ ಬೇಕು. ಬೇಕಾದವರು ಬನ್ನಿ, ಡಿಸ್ಕೌಂಟ್ ಕೊಡ್ತೇನೆ."

ಸಭೆ ನಕ್ಕಿತು.

ಆಮೇಲೆ ಸುರೇಂದ್ರಣ್ಣ. ಕಾರ್ಕಳದವರು, ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿ ಎಚ್‌ಆರ್ ಮ್ಯಾನೇಜರ್. ಎಂಥ ಮಾತು! ಮನುಷ್ಯನೊಳಗೆ ದೇವರಿದ್ದಾನೆ, ಪ್ರೀತಿಯೇ ಅವನ ಮೂಲಗುಣ, ಆಳುವವರು ಲಾಠಿ ಬಿಟ್ಟು ವಿಶ್ವಾಸ ಹಿಡಿಯಬೇಕು... ಕಪ್ ಇವರಿಗೇ ಎಂದು ನಾನು ಮನಸ್ಸಿನಲ್ಲೇ ಕೊಟ್ಟುಬಿಟ್ಟಿದ್ದೆ.

ಹನೀಫಣ್ಣ ಕುಳಿತಲ್ಲಿಂದಲೇ ಕೇಳಿದರು. "ಹಾಗಾದ್ರೆ ಊರಲ್ಲಿ ಗಲಾಟೆ ಮಾಡುದು ಯಾರು? ದೇವರಾ?"

"ಗಲಾಟೆ ಮಾಡುವವರು ಮನುಷ್ಯರೇ ಅಲ್ಲ ಹನೀಫಣ್ಣ. ಅವರಿಗೆ ಪ್ರೀತಿ ಎಲ್ಲ ಅರ್ಥ ಆಗುದಿಲ್ಲ. ಅವರಿಗೆ ಬೇರೆಯೇ ಭಾಷೆ ಬೇಕು."

"ಅವರು ಅಂದ್ರೆ?"

"ನಿಮಗೆ ಗೊತ್ತುಂಟಲ್ಲ."

ಚಹಾಕ್ಕೆ ಸಕ್ಕರೆ ಕಲಕುತ್ತಿದ್ದವರು ಕಲಕುವುದನ್ನು ನಿಲ್ಲಿಸಿದರು.

ಗಮನಿಸಿದಿರಾ? ಮನುಷ್ಯ ಕಳ್ಳ ಎಂದು ನಂಬಿದವರು ಕ್ಯಾಮೆರಾ ಮಾರುತ್ತಾರೆ. ಅಧಿಕಾರ ಸಿಕ್ಕರೆ ಲಾಠಿ ಎತ್ತಬಹುದು. ಅದು ನಮಗೆ ಗೊತ್ತಿರುವ ಅಪಾಯ. ಆದರೆ ಮನುಷ್ಯ ದೇವರೇ ಎಂದು ನಂಬಿದವರು? ದೇವರ ಹಾಗೆ ಕಾಣದವನನ್ನು ಅವರು ಮನುಷ್ಯರ ಸಾಲಿನಿಂದಲೇ ಎಬ್ಬಿಸಿ ಕಳಿಸುತ್ತಾರೆ. ಆಮೇಲೆ ಅವನಿಗೆ ಏನು ಮಾಡಿದರೂ ಪಾಪವಿಲ್ಲ! ಕೊಲ್ಲುವ ಕೈಗಿಂತ ಮೊದಲು ಇಂಥದ್ದೊಂದು ವಾಕ್ಯ ಹೊರಟಿರುತ್ತದೆ.

ಹನೀಫಣ್ಣ ಎದ್ದು ಹೋಗಿ ಕಾಲರ್ ಹಿಡಿದರು. ಸುರೇಂದ್ರಣ್ಣ ಅವರ ಎದೆಗೆ ಕೈ ಹಾಕಿದರು. ಮೈಕ್ ಸ್ಟ್ಯಾಂಡ್ ಬಿತ್ತು. ಸುರೇಂದ್ರಣ್ಣನ ಅಂಗಿ ಪರ್‍ರೆಂದಿತು. ಹಿಂದಿನ ಸಾಲಿನಲ್ಲಿ ಆ ಕಡೆಯವರು, ಈ ಕಡೆಯವರು ಎದ್ದು ನಿಂತರು. (ಅಲ್ಲಿಯವರೆಗೆ ಕಡೆಗಳಿರಲಿಲ್ಲ, ಬರೀ ಕುರ್ಚಿಗಳಿದ್ದವು.) ಯಾರೋ ಫೋನ್ ಎತ್ತಿ ವಿಡಿಯೋ ಶುರುಮಾಡಿದರು.

ಇಲ್ಲಿ ಒಂದು ಏಟು ಬಿದ್ದರೆ ಪೊಲೀಸ್ ಕೇಸು. ಕೇಸಾದರೆ ಕೆಲಸ, ವೀಸಾ, ಮಕ್ಕಳ ಸ್ಕೂಲು ಎಲ್ಲ ಅಲುಗಾಡುತ್ತದೆ. ಅದಾದರೂ ಇರಲಿ. ಆ ವಿಡಿಯೋ ಊರು ಮುಟ್ಟಿದರೆ? ಅಲ್ಲಿ ಹರಿಯುವುದು ಅಂಗಿ ಮಾತ್ರವೇ?

ತೀರ್ಪುಗಾರ್ತಿ ಏನು ಮಾಡಿದಳು? ಕಪ್ ಎತ್ತಿಕೊಂಡು ಮೇಜಿನ ಹಿಂದೆ ಸರಿದಳು.

ಎದ್ದು ಬಂದವರು ಗ್ಲ್ಯಾಡಿಸ್. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್, ಮನೆಮಾತು ಕೊಂಕಣಿ. ಭಾಷಣ ಮಾಡಿ ಎಂದರೆ ಓಡುವ ಹೆಂಗಸು. ಬಿದ್ದ ಮೈಕ್ ಎತ್ತಿಕೊಂಡರು.

"ಫೋನ್ ಎಲ್ಲ ಕಿಸೆಗೆ ಹಾಕಿ. ಸುರೇಂದ್ರಣ್ಣ, ಮನುಷ್ಯರಲ್ಲ ಅಂದ್ರಲ್ಲ, ಅವರ ಹೆಸರು ಹೇಳಿ."

"ಎಂತ ಹೆಸರು ಸಿಸ್ಟರ್?"

"ಹನೀಫಣ್ಣನಾ?"

ಸುರೇಂದ್ರಣ್ಣ ತನ್ನ ಕಾಲರ್ ಹಿಡಿದಿದ್ದವರ ಮುಖವನ್ನೇ ನೋಡಿದರು. "ಛೆ. ಹನೀಫಣ್ಣ ಅಲ್ಲ."

"ಅವರ ಹೆಂಡತಿ ಝೀನತ್?"

"ಅವರು ಎಂತ ಮಾಡಿದ್ದಾರೆ ಪಾಪ? ನನ್ನ ಹೆಂಡತಿಯ ಬಾಣಂತನಕ್ಕೆ ಅಡುಗೆ ಮಾಡಿ ಕಳಿಸಿದವರು."

"ದಿನಾ ನಿಮ್ಮೊಟ್ಟಿಗೆ ಕಾರಲ್ಲಿ ಬರುವ ಇಕ್ಬಾಲ್?"

"ಅವನು ನನ್ನ ದೋಸ್ತಿ."

"ಊರಲ್ಲಿ ನಿಮ್ಮ ಪಕ್ಕದ ಮನೆಯವರು?"

"ಅವರೆಲ್ಲ ಒಳ್ಳೆ ಜನ ಸಿಸ್ಟರ್."

"ಹಾಗಾದ್ರೆ ಯಾರು? ಒಂದು ಹೆಸರು ಹೇಳಿ."

'ಅವರು' ಎಂಬ ದೊಡ್ಡ ಗುಂಪಿನಿಂದ ಒಬ್ಬೊಬ್ಬರೇ ಎದ್ದು ಹೊರಗೆ ಬಂದಿದ್ದರು. ಒಳಗೆ ಯಾರೂ ಉಳಿದಿರಲಿಲ್ಲ.

"ಹಾಗಾದ್ರೆ ಕೆಟ್ಟವರೇ ಇಲ್ವಾ?" ಎಂದು ಸುರೇಂದ್ರಣ್ಣ ಮೆಲ್ಲಗೆ ಕೇಳಿದರು.

"ಇದ್ದಾರೆ. ಚೂರಿ ಹಾಕಿದವನಿಗೂ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಅವನಿಗೆ ಶಿಕ್ಷೆ ಆಗ್ಲಿ, ಬೇಡ ಅಂದವರು ಯಾರು? ಆದ್ರೆ ಅವನಿಗೊಂದು ಹೆಸರುಂಟು. ಅವನು ಮಾಡಿದ್ದನ್ನು ಊರಿಡೀ ಜನರ ತಲೆಗೆ ಕಟ್ಟಿದ್ರೆ ನಾಳೆ ನನ್ನ ವಾರ್ಡಿಗೆ ಇನ್ನಷ್ಟು ಜನ ಬರ್ತಾರೆ, ಅಷ್ಟೇ." ಗ್ಲ್ಯಾಡಿಸ್ ಹನೀಫಣ್ಣನ ಕಡೆ ತಿರುಗಿದರು. "ನೀವೂ ಅಷ್ಟೇ ಹನೀಫಣ್ಣ. ಮನುಷ್ಯ ಕಳ್ಳ ಅಂತೀರಿ. ಈಗ ಅಂಗಡಿಯಲ್ಲಿ ಯಾರಿದ್ದಾರೆ?"

"ನಮ್ಮ ನೇಪಾಳಿ ಸೇಲ್ಸ್‌ಮನ್."

"ಕೀ?"

"ಅವನತ್ರವೇ ಉಂಟು."

ಮೊದಲು ನಕ್ಕವರು ಸುರೇಂದ್ರಣ್ಣ. ಕಾಲರ್ ಹಿಡಿದ ಕೈ ಸಡಿಲವಾಯಿತು. ಹಿಂದೆ ಎದ್ದು ನಿಂತವರು ಯಾಕೆ ಎದ್ದೆವೆಂದು ತಿಳಿಯದವರ ಹಾಗೆ ಕುಳಿತುಕೊಂಡರು.

ಸುರೇಂದ್ರಣ್ಣ ಮೈಕ್ ಕೇಳಿ ತೆಗೆದುಕೊಂಡರು. "ನಾನು ಹೇಳಿದ್ದು ತಪ್ಪು. ಎಲ್ಲರ ಎದುರು ಹೇಳಿದ್ದು, ಎಲ್ಲರ ಎದುರೇ ವಾಪಸ್ ತಕ್ಕೊಳ್ತೇನೆ."

ಹನೀಫಣ್ಣ ಬಿದ್ದಿದ್ದ ಮೈಕ್ ಸ್ಟ್ಯಾಂಡನ್ನು ಎತ್ತಿ ನಿಲ್ಲಿಸಿದರು. ನೋವು ಅಷ್ಟು ಬೇಗ ಹೋಗುವಂಥದ್ದಲ್ಲ, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ, "ನಾನೂ ಕೈ ಮಾಡಬಾರದಿತ್ತು. ಖಲಾಸ್ ಮಾರಾಯ್ರೆ. ಅಂಗಿ ನಾನು ತೆಗೆಸಿಕೊಡ್ತೇನೆ, ಆದ್ರೆ ಕಲರ್ ನನ್ನದು" ಎಂದರು.

ಹಾಲ್ ತುಂಬ ಚಪ್ಪಾಳೆ. ಊಟದ ತಟ್ಟೆ ಬಡಿದವರೂ ಇದ್ದರು. ಕಪ್ ಯಾರಿಗೆ ಎಂದು ನಾನು ಹೇಳಬೇಕೆ? ಗ್ಲ್ಯಾಡಿಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂತ ಮಾಡುದು ಇದನ್ನು?" ಎಂದು ಬ್ಯಾಗಿಗೆ ತುರುಕಿ ಬಿರಿಯಾನಿಯ ಕ್ಯೂನಲ್ಲಿ ನಿಂತರು.

ಗಲಭೆಯಾದರೆ ಸುದ್ದಿ. ಆಗದೆ ಹೋದರೆ? ಯಾವ ಟಿವಿಯೂ ತೋರಿಸುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಎದೆಯುಬ್ಬಿಸಿ ಬರೆಯುತ್ತಿದ್ದೇನೆ. ಮಾತಿನಿಂದ ಎಲ್ಲಾದರೂ ಜಗಳ ನಿಲ್ಲುತ್ತದೆಯೇ ಎನ್ನುವವರೇ, ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ! ಲಾಠಿಯಲ್ಲ, ಕ್ಯಾಮೆರಾ ಅಲ್ಲ, ಉಪದೇಶವೂ ಅಲ್ಲ. ಬರೀ ಹೆಸರುಗಳು ಗೆದ್ದವು.

ಅದಿರಲಿ, ನೀವು ಕೊನೆಯ ಸಲ 'ಅವರು' ಅಂದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಯಾರ ಮುಖ?