ಮಡಚಿದ ಕಾಗದವನ್ನು ಬಿಚ್ಚಿದವರು

ಬನ್ನಿ ಹಬ್ಬ ಮುಗಿದು ಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗಾಗುವ ಕಾಲ. ಮುಂಜಾನೆಯ ಬಿಸಿಲು ಇನ್ನೂ ಕಿಟಕಿಯ ಸರಳು ದಾಟಿರದ ಹೊತ್ತು. ಸುರಪುರದ ನಮ್ಮ ಹೊಲಿಗೆ ತರಬೇತಿ ಕೇಂದ್ರಕ್ಕೆ ಶ್ರೀಮತಿ ಅರ್ಜುಮಂದ ಟೀಚರ ಅವರು ಮೊದಲ ಸಲ ಬಂದದ್ದು ಆಗ. ಬಾಗಿಲ ಕೀಲಿ ತೆಗೆದಾಕಿ ನಾನು, ಕೇಂದ್ರದ ಆಯಾ ಗೊಲ್ಲಾಳಮ್ಮ. ಈಗ ಅವರು ನಿವೃತ್ತರಾಗುವ ಹೊತ್ತಿಗೆ ಕೇಂದ್ರದವರು ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ನೀನೂ ನಾಲ್ಕು ಮಾತು ಬರಿ ಎಂದಿದ್ದಾರೆ. ನಾನು ಸಾಲಿ ಕಂಡದ್ದು ಕಡಿಮೆ, ಕಂಡದ್ದನ್ನು ಬರೆಯುತ್ತೇನೆ.

ಸುರಪುರ, ಶಹಾಪುರ, ಯಾದಗಿರಿ, ಈ ಕಡೆ ಹೊಲಿಯುವವರಿಗೆ ಬರವಿಲ್ಲ. ಆದರೆ ಮೊದಲು ಮೈಯನ್ನು ನೋಡಿ, ಆ ಮೇಲೆ ಅಳತೆಗೆ ಕತ್ತರಿಸಿದ ಕಾಗದದ ನಮೂನೆಯನ್ನು, ಅಂದರೆ ಕಟಿಂಗನ್ನು, ತಿದ್ದಿ, ಕೊನೆಗೆ ಬಟ್ಟೆಗೆ ಕತ್ತರಿ ಹಚ್ಚುವವರು ವಿರಳ. ಆ ವಿರಳರ ಸಾಲಿನಲ್ಲಿ ನಮ್ಮ ಟೀಚರ ಅವರದು ಮುಂದಿನ ಜಾಗ.

ಅವರ ಕಟಿಂಗ್‌ಗಳೆಲ್ಲ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ತೂಗುತ್ತಿದ್ದವು. ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋದಾಗ ಫ್ಯಾನಿನ ಗಾಳಿಗೆ ಆ ಖಾಕಿ ಕಾಗದಗಳು ಮೆಲ್ಲಗೆ ಅಲುಗುತ್ತಿದ್ದರೆ, ಯಾರ್ಯಾರೋ ಬಂದು ತಮ್ಮ ಮೈ ಬಿಚ್ಚಿ ತೂಗುಹಾಕಿ ಹೋಗಿದ್ದಾರೆ ಅನಿಸುತ್ತಿತ್ತು. ಕಸಬರಿಗಿ ಹಿಡಿದಾಕಿ ಹಾಗೇ ನಿಂತುಬಿಡುತ್ತಿದ್ದೆ.

ಬಟ್ಟೆಗೆ ಉಬ್ಬು ಕೊಡುವ ಚೂಪು ಮಡಿಕೆಗೆ ನಾವು ಟಕ್ಸ್ ಅನ್ನುತ್ತೇವೆ. ಕಾಗದದಲ್ಲಿ ಭುಜದ ಕೆಳಗಿನ ಟಕ್ಸನ್ನು ಅವರು ಮುಚ್ಚಿ ಅಂಟಿಸಿದರೆ, ಸೊಂಟದ ಕಡೆ ಕೊಯ್ದಿಟ್ಟ ಗೆರೆ ತಾನೇ ಬಾಯಿ ತೆರೆಯುತ್ತಿತ್ತು. “ಉಬ್ಬು ಎಲ್ಲಿಗೂ ಹೋಗಂಗಿಲ್ಲವ್ವ, ಜಾಗಾ ಬದಲಿಸ್ತದ ಅಷ್ಟ,” ಎನ್ನುತ್ತಿದ್ದರು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಕೈ ಎತ್ತಿದರೆ ಕುಬಸ ಹಿಡಿಯುತ್ತದೆಂದು ಅಂದದ್ದಕ್ಕೆ, ಬಗಲಿಗೆ ಸಣ್ಣ ಚೌಕದ ತುಂಡು ಕೂಡಿಸುವುದನ್ನು ಕಲಿಸಿದರು. ಈಗ ಕೆಂಭಾವಿಯ ಕಡೆಯೂ ಹಾಗೆಯೇ ಹೊಲಿಯುತ್ತಾರೆ. ಯಾರು ಕಲಿಸಿದರೆಂದು ಅಲ್ಲಿಯವರಿಗೆ ಗೊತ್ತಿಲ್ಲ. ಟೀಚರ ಹೇಳಿಕೊಂಡವರೂ ಅಲ್ಲ.

ಹೋದ ಬೇಸಿಗೆಯ ಮಾತು. ನಮ್ಮ ಓಣಿಯ ಅಮೃತಮ್ಮನ ಮಗಳು ದಾನೇಶ್ವರಿಗೆ ರಾಯಚೂರಿನ ಒಂದು ದವಾಖಾನೆಯಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವ ಕೆಲಸ ಸಿಕ್ಕಿತು. ಬರುವ ಸೋಮವಾರ ಹಾಜರಾಗದಿದ್ದರೆ ಬೇರೆಯವರಿಗೆ ಕೊಡುತ್ತೇವೆಂದಿದ್ದರು. ಹುಡುಗಿ ಹೋಗುವುದಿಲ್ಲ ಎಂದು ಕೂತಳು. ಸಣ್ಣಂದಿನಿಂದ ಅವಳ ಬೆನ್ನು ಓರೆ. ಎಡಗಡೆ ರೆಕ್ಕೆಯೆಲುಬು ಎದ್ದು, ಬಲಭುಜ ಇಳಿದಿದೆ. ಸುರಪುರದ ಬಿಸಿಲಲ್ಲೂ ಶಾಲು ಹೊದ್ದು ತಿರುಗುತ್ತಿದ್ದಳು. “ಚೀಟಿಗೆ ನಿಂತ ಮಂದಿ ದಿನಾ ನನ್ನ ಭುಜಾನೇ ನೋಡ್ತಾರ, ಚಿಗವ್ವ,” ಅಂದಳು ನನಗೆ. ನಾನು ಕೈ ಹಿಡಿದು ಟೀಚರ ಹತ್ತಿರ ಕರೆದುಕೊಂಡು ಹೋದೆ.

ಕಾಗದವನ್ನು ಅರ್ಧ ಮೈಯದಷ್ಟೇ ಕತ್ತರಿಸುವುದು ನಮ್ಮ ಕಡೆಯ ರೂಢಿ. ಬಟ್ಟೆ ಎರಡು ಮಡಿಕೆ ಮಾಡಿ ಮೇಲಿಟ್ಟರೆ ಇನ್ನರ್ಧ ತಾನೇ ಬರುತ್ತದೆ. ಟೀಚರ ಹುಡುಗಿಯರಿಗೆ ಅದನ್ನೇ ಕಲಿಸಿದವರು. ದಾನೇಶ್ವರಿಯ ಕುರ್ತಾವನ್ನೂ ಹಾಗೇ ಕತ್ತರಿಸಿ, ಇಳಿದ ಭುಜದೊಳಗೆ ಹತ್ತಿಯ ಗಾದಿ ಇಟ್ಟು ಹೊಲಿದರು. ಹುಡುಗಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಎಡಗಡೆ ಅಂಚು ಮೇಲೇರಿತ್ತು, ಕೊರಳು ಪಕ್ಕಕ್ಕೆ ಜಾರಿತ್ತು.

“ಟೀಚರ, ಈ ಭುಜ ನಂದಲ್ರಿ. ಹತ್ತೀದು,” ಅಂದಳು ದಾನೇಶ್ವರಿ. “ಮಳಿ ಬಂದ್ರ ಹಿಂಡಬೇಕಾಗ್ತದ.”

ಎಲ್ಲರೂ ನಕ್ಕರು, ಟೀಚರೂ ನಕ್ಕರು. ಆ ಮೇಲೆ ಅವಳ ಹಿಂದೆ ನಿಂತು ಎರಡೂ ಭುಜ ಮುಟ್ಟಿ ನೋಡಿದರು. ಹೊರಗೆ ಬಿಸಿಲು ಬೆಳ್ಳಗೆ ನಿಂತಿತ್ತು.

“ಖರೇ ಅದ ನೀ ಅಂದದ್ದು,” ಎಂದರು ಟೀಚರ. “ನಾ ಅರ್ಧ ಮೈ ನೋಡಿ ಇನ್ನರ್ಧಕ್ಕ ಹೊಲದೀನಿ. ಇದು ನನ್ನ ತಪ್ಪು.” ಕಲಿಯುವ ಹುಡುಗಿಯರ ಎದುರಿಗೇ ಅಂದರು.

ಆ ಮಡಚಿದ ಕಾಗದವನ್ನು ಬದಿಗಿಟ್ಟು, ಅಗಲವಾದ ಹೊಸದೊಂದನ್ನು ಮೇಜಿನ ತುಂಬ ಹಾಸಿ, ಎಡ ಬೇರೆ, ಬಲ ಬೇರೆ ಎಂದು ಗೆರೆ ಎಳೆದರು. ಎದ್ದ ಎಲುಬಿರುವಲ್ಲಿ ಕಾಗದ ಕೊಯ್ದು, ಅಗಲಿಸಿ, ಕೆಳಗೆ ಪಟ್ಟಿ ಅಂಟಿಸಿದರು. ಇಳಿದ ಭುಜದಲ್ಲಿ ಚಿವುಟಿ ಮಡಚಿ ಹೆಚ್ಚಾದದ್ದನ್ನು ತೆಗೆದರು. ಗೋಂದು ಹಚ್ಚುತ್ತಿದ್ದ ಕಲಿಯುವ ಹುಡುಗಿ ಶಾಯಿಸ್ತಾ ಟೀಚರಿಗೆ, “ಆಪಾ, ಇದು ಕುರ್ತಾನೋ ಜಿಲ್ಲಾದ ನಕ್ಷಾನೋ?” ಅಂದಳು.

“ನಕ್ಷಾನೇ. ಭೀಮಾ ನದಿ ಸೊಟ್ಟ ಹರೀತದಂತ ನೆಟ್ಟಗ ಬರದರ ಊರು ಮುಳುಗತಾವ. ಸುಮ್ಮನ ಗೋಂದು ಹಚ್ಚು.”

ಹೊಸ ಬಟ್ಟೆಯನ್ನು ಟೀಚರೇ ತಂದಿದ್ದರು. ಮುಂಜಾನೆಯ ಬೋನಾಳ ಕೆರೆಯ ನೀರಿನ ಬಣ್ಣ. ಮಡಚದೆ, ಒಂದೇ ಪದರಾಗಿ ಹಾಸಿ ಕತ್ತರಿಸಿದರು. ಶುಕ್ರವಾರ ಸಂಜೆ ದಾನೇಶ್ವರಿ ಅದನ್ನು ತೊಟ್ಟಾಗ ಅವಳ ಭುಜ ಓರೆಯಾಗಿಯೇ ಇತ್ತು. ಕುರ್ತಾ ಅದನ್ನು ಮುಚ್ಚಿರಲಿಲ್ಲ. ನೀರು ಕಲ್ಲನ್ನು ಸುತ್ತಿ ಹರಿದಂತೆ ಮೈಮೇಲೆ ಇಳಿದಿತ್ತು. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಜೋಲಲಿಲ್ಲ. ಅವಳು ಒಂದು ಕೈ ಎತ್ತಿದಳು, ಇಳಿಸಿದಳು, ಇನ್ನೊಂದು ಎತ್ತಿದಳು. ಕನ್ನಡಿಯಲ್ಲಿ ಬೆನ್ನನ್ನು ಅಷ್ಟು ಹೊತ್ತು ನೋಡಿಕೊಂಡದ್ದು ಅದೇ ಮೊದಲೆಂದು ಅಮೃತಮ್ಮ ಅಂದಳು.

“ಹಿಂಗೇ ಇನ್ನೆರಡು ಹೊಲೀರಿ,” ಎಂದಳು ದಾನೇಶ್ವರಿ. “ದಿನಾ ಇದೊಂದೇ ಹಾಕ್ಕೊಂಡ್ರ ದವಾಖಾನಿ ಮಂದಿ ಏನಂದಾರು?”

ಅಮೃತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಟೀಚರ ಬರೇ, “ನಾಳಿ ಸಂಜೀಕ ಬಾ,” ಅಂದರು.

ಅಂದಿನಿಂದ ಕೇಂದ್ರದಲ್ಲಿ ಇಡೀ ಮೈಯ ಕಾಗದ ಕತ್ತರಿಸುವುದನ್ನೂ ಕಲಿಸುತ್ತಾರೆ. ಇನ್ನು ಮೇಲೆ ಟೀಚರ ರಂಗಂಪೇಟೆಯ ತಮ್ಮ ಮನೆಯ ಪಡಸಾಲೆಯಲ್ಲಿ ಮೇಜು ಹಾಕಿ, ಬಂದವರ ಮೈ ನೋಡಿ ಕಾಗದ ತಿದ್ದಿಕೊಡುವೆನೆಂದು ಹೇಳಿದ್ದಾರೆ. ಅವರ ಕಣ್ಣಿಗೆ ಸೂಜಿಯ ಕಣ್ಣು ಬಹುಕಾಲ ಕಾಣುತ್ತಿರಲಿ, ಕೈಗೆ ಕತ್ತರಿ ಭಾರವಾಗದಿರಲಿ, ಆ ಪಡಸಾಲೆಯ ಬಾಗಿಲು ತೆರೆದೇ ಇರುವಷ್ಟು ಆಯುಷ್ಯ ಅವರಿಗೆ ಸಿಗಲಿ.

ಅವರ ಕೈಯಲ್ಲಿ ಎಷ್ಟು ಮಂದಿ ಕಲಿತರೆಂದು ಬರೆಯಲು ನನಗೆ ತಿಳಿಯದು. ನಾನು ಕಂಡದ್ದು ಇಷ್ಟು: ಹೋದ ಬೇಸಿಗೆ ದಾನೇಶ್ವರಿಯನ್ನು ಕಳಿಸಲು ನಾನೂ ಅಮೃತಮ್ಮನೂ ಯಾದಗಿರಿ ಸ್ಟೇಷನ್ನಿಗೆ ಹೋಗಿದ್ದೆವು. ಗಾಡಿ ಬಂತು. ದಾನೇಶ್ವರಿ ಕೆಲಸಕ್ಕೆ ಹೋದಳು, ಹೇಳಿದ ಸೋಮವಾರವೇ.